ಮುಚ್ಚಿದ ಬಾಗಿಲಿನ ವಂಶಾವಳಿ: ಕೊಡಗಿನ ಒಂದು ಐನ್‌ಮನೆಯ ಪ್ರಕರಣ

ದಕ್ಷಿಣ ಕೊಡಗಿನ ಒಂದು ಒಕ್ಕದ ಐನ್‌ಮನೆಯನ್ನು ಮತ್ತೆ ಎಬ್ಬಿಸುವ ಕೆಲಸದಲ್ಲಿ, ಅದರ ನಕ್ಷೆ ಬರೆದ ನಮಗೆ ಎಲ್ಲಿ ದಾರಿ ಕಂಡಿತು, ಎಲ್ಲಿ ಮುಗ್ಗರಿಸಿದೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಒಕ್ಕದ ಹೆಸರು, ಊರು, ವರ್ಷ ಯಾವುದನ್ನೂ ಹೇಳುತ್ತಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಇಷ್ಟು ಮಾಡಿದರೂ ಕೊಡಗಿನಲ್ಲಿ ಯಾರಾದರೊಬ್ಬರು ಗುರುತು ಹಿಡಿದೇ ಹಿಡಿಯುತ್ತಾರೆ, ಅದು ಬೇರೆ ಮಾತು.

ಹಿನ್ನೆಲೆ

ಕೊಡಗಿನ ಹೊರಗಿನವರಿಗಾಗಿ ಎರಡು ಮಾತು. ಒಬ್ಬ ಮೂಲಪುರುಷನ, ಅಂದರೆ ಕಾರಣವನ, ಗಂಡುಸಂತತಿಯೆಲ್ಲ ಸೇರಿ ಒಂದು ಒಕ್ಕ. ಆ ಒಕ್ಕದ ಮೂಲ ಮನೆಯೇ ಐನ್‌ಮನೆ. ಈಗ ಅಲ್ಲಿ ಹೆಚ್ಚಿನಂಶ ಯಾರೂ ವಾಸ ಇರುವುದಿಲ್ಲ. ಮಕ್ಕಳು ಮರಿ ಎಲ್ಲ ತೋಟದ ಮನೆಗಳಲ್ಲಿ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ಹುತ್ತರಿಗೆ ಕದಿರು ತರುವಾಗ, ಕಾರಣವರಿಗೆ ಎಡೆ ಇಡುವಾಗ, ಮದುವೆಯಾಗಿ ಬಂದ ಹೆಣ್ಣನ್ನು ದೀಪದ ಮುಂದೆ ನಿಲ್ಲಿಸುವಾಗ ಎಲ್ಲರೂ ಅಲ್ಲಿ ಸೇರುತ್ತಾರೆ.

ನಮ್ಮ ಪ್ರಕರಣದ ಮನೆಗೆ ಹೋಗುವ ದಾರಿ ಒಂದು ಓಣಿ. ಎರಡೂ ಕಡೆ ಆಳೆತ್ತರದ ಮಣ್ಣಿನ ದಂಡೆ, ಅದರ ಮೇಲೆ ಪಾಚಿ, ಜರಿಗಿಡ. ಓಣಿ ಒಂದು ತಿರುವು ತೆಗೆದುಕೊಂಡ ಮೇಲೆಯೇ ಕಳ, ಅಂದರೆ ಅಂಗಳ, ಕಾಣುವುದು. ಕಳದಿಂದ ಮೆಟ್ಟಿಲು, ಮೆಟ್ಟಿಲ ಮೇಲೆ ಕೈಯಾಲೆ, ಎಂದರೆ ಮುಂದಿನ ಜಗಲಿ. ಅದರ ಕಂಬಗಳ ನಡುವೆ ಐಮರ: ದಪ್ಪ ಹಲಗೆಯ ಆಸನ, ಹಿರಿಯರು ಕೂತು ಕೂತು ಕನ್ನಡಿಯಂತೆ ನುಣುಪಾದದ್ದು. ಅಲ್ಲಿಂದ ಒಳಬಾಗಿಲು. ಬಾಗಿಲ ಆಚೆ ನೆಲ್ಲಕ್ಕಿ ನಡುಬಾಡೆ, ತೂಗುದೀಪದ ನಡುಮನೆ. ನೈಋತ್ಯ ಮೂಲೆಯಲ್ಲಿ ಕಾರಣವರ ನೆನಪಿನ ಕನ್ನಿ ಕೊಂಬರೆ. ಪಕ್ಕಕ್ಕೆ ಎರಡು ಕೋಣೆ, ಹಿಂದೆ ಅಡುಗೆಮನೆ, ಅಡುಗೆಮನೆಯಿಂದ ಅಟ್ಟಕ್ಕೆ ಏಣಿ, ಹಿಂಬಾಗಿಲು. ಮನೆ ಪೂರ್ವಕ್ಕೆ ಮುಖ ಮಾಡಿದೆ.

ಈ ಮನೆಯನ್ನು ಕೆಡವಿದ್ದು ಭೂಕುಸಿತವಲ್ಲ. 2018ರ ಆಗಸ್ಟಿನಲ್ಲಿ ಜಾರಿದ ಗುಡ್ಡಗಳು ಇಲ್ಲಿಂದ ದೂರ. ಇಲ್ಲಿ ಆದದ್ದು ಬಹಳ ಸಣ್ಣದು: ಎರಡು ಹಂಚು ಜಾರಿದವು, ಯಾರೂ ಹತ್ತಿ ಸರಿ ಮಾಡಲಿಲ್ಲ. ಮಣ್ಣಿನ ಗೋಡೆ ಕಾಲಿನಲ್ಲಿ ಒದ್ದೆಯಾದರೆ ಸ್ವಲ್ಪ ತಡೆದುಕೊಳ್ಳುತ್ತದೆ, ತಲೆಯಲ್ಲಿ ನೀರು ಇಳಿದರೆ ತಡೆಯುವುದಿಲ್ಲ. ಎರಡು ಮಳೆಗಾಲದಲ್ಲಿ ಗೋಡೆಯ ನೆತ್ತಿ ಕರಗಿತು, ಪಕಾಸಿಗಳ ಬುಡ ಕೊಳೆಯಿತು, ಮೂರನೆಯ ಮಳೆಗಾಲದ ಒಂದು ರಾತ್ರಿ ಉತ್ತರದ ಅರ್ಧ ಕುಳಿತುಬಿಟ್ಟಿತು.

ತೊಡಕು

ಒಕ್ಕದ ಸಭೆಯಲ್ಲಿ ಹಣಕ್ಕೆ ಜಗಳ ಇರಲಿಲ್ಲ. ಜಗಳ ಇದ್ದದ್ದು ಏನನ್ನು ಕಟ್ಟಬೇಕು ಎಂಬುದಕ್ಕೆ. ಒಂದು ಗುಂಪಿನ ಕೈಯಲ್ಲಿ ಒಬ್ಬ ಗುತ್ತಿಗೆದಾರ ಬರೆಸಿಕೊಟ್ಟ ನಕ್ಷೆ ಇತ್ತು: ಆರ್‌ಸಿಸಿ ಚೌಕಟ್ಟು, ಮೇಲೆ ಕೆಂಪು ಹಂಚು ಹೊದಿಸಿದ ಇಳಿಜಾರು, ಮುಂದೆ ಕೆತ್ತನೆಯ ಕಂಬ. ಬಣ್ಣದ ಚಿತ್ರದಲ್ಲಿ ನೋಡಿದರೆ ಹಳೆಯ ಮನೆಗಿಂತ ಹೆಚ್ಚು ಹಳೆಯದಾಗಿ ಕಾಣುತ್ತಿತ್ತು. ಇನ್ನೊಂದು ಗುಂಪು, “ಇದ್ದ ಹಾಗೇ ಕಟ್ಟಿ” ಎಂದಿತು.

ಇದ್ದ ಹಾಗೇ ಅಂದರೆ ಯಾವಾಗ ಇದ್ದ ಹಾಗೆ? ಹಂಚನ್ನೇ ತೆಗೆದುಕೊಳ್ಳಿ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಈ ಮನೆಯ ಹಳೆಯ ಪಕಾಸಿಗಳಲ್ಲಿ ಇದ್ದ ಕಚ್ಚುಗಳ ಅಂತರ ಹಂಚಿನ ರೀಪಿಗೆ ಹೊಂದುತ್ತಿರಲಿಲ್ಲ. ಅವು ಹುಲ್ಲು ಹೊದಿಸಲು ಬಿದಿರು ಕಟ್ಟುತ್ತಿದ್ದ ಕಾಲದವು. ಕೆಂಪು ನೆಲ ಸಿಮೆಂಟ್ ಬಂದ ಮೇಲಿನದು. “ಹಂಚಿಲ್ಲದ ಐನ್‌ಮನೆಯಾ?” ಎಂದು ಕೇಳಿದವರ ಮುತ್ತಾತನ ತಾತ ಹಂಚನ್ನೇ ನೋಡಿರಲಿಕ್ಕಿಲ್ಲ.

ನಮ್ಮನ್ನು ಕರೆದದ್ದು ಈ ಹಂತದಲ್ಲಿ. ಎರಡೂ ಗುಂಪಿಗೆ ಒಪ್ಪಿಗೆಯಾಗುವಂತೆ ಈ ಮನೆಯಲ್ಲಿ ಯಾವುದು ಮುಖ್ಯ, ಯಾವುದು ಹೋದರೂ ನಡೆಯುತ್ತದೆ ಎಂದು ಹೇಳಬೇಕಿತ್ತು.

ಕಾಫಿ ಗಿಡದಿಂದ ಸಿಕ್ಕ ಎಳೆ

ತಳಿಶಾಸ್ತ್ರದ ಮಾತು ತಂದದ್ದು ನಾನಲ್ಲ. ಆ ಒಕ್ಕದಲ್ಲೇ ಒಬ್ಬರು ಕಾಫಿ ತಳಿಗಳ ಕೆಲಸ ಮಾಡಿ ನಿವೃತ್ತರಾದವರು. ಮುರಿದ ಗೋಡೆಯ ಪಕ್ಕ ನಿಂತು ಅವರು ಹೇಳಿದ್ದು ಇದು: “ಎಸ್ 795 ಗಿಡ ನೋಡಿದ್ದೀರಲ್ಲ. ಒಂದೇ ಬೀಜದ ಗಿಡ ನಮ್ಮ ನೆರಳಲ್ಲಿ ಒಂದು ಥರ, ಆಚೆ ಬಿಸಿಲ ಬರೆಯಲ್ಲಿ ಇನ್ನೊಂದು ಥರ. ಗಿಡ ನೋಡಿ ತಳಿ ಹೇಳಕ್ಕೆ ಹೋದರೆ ಏಮಾರ್ತೀರಿ. ಅದರ ಮೈಯಲ್ಲಿ ಲೈಬೀರಿಕಾ ರಕ್ತ ಇದೆ ಅಂತ ಎಲೆ ನೋಡಿ ಯಾರಾದರೂ ಹೇಳ್ತಾರಾ?”

ಮಾತು ಸರಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ಆ ತಳಿ ನೋಟಕ್ಕೆ ಅಪ್ಪಟ ಅರೇಬಿಕಾ. ಅದರ ಪೂರ್ವಜರಲ್ಲಿ ಒಂದು ಮಾತ್ರ ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಕಾಫಿ ಜಾತಿಗಳು ತಾನಾಗಿ ಬೆರೆತದ್ದು, ಎಲೆತುಕ್ಕು ರೋಗ ತಡೆಯುವ ಗುಣ ಬಂದದ್ದು ಆ ಕಡೆಯಿಂದ. ಒಳಗಿರುವ ಆನುವಂಶಿಕ ಬರಹ ಬೇರೆ, ಹೊರಗೆ ಕಾಣುವ ರೂಪ ಬೇರೆ ಎಂಬ ಈ ವಿಂಗಡಣೆಗೆ ಜೀನೋಟೈಪ್, ಫೀನೋಟೈಪ್ ಎಂದು ಹೆಸರಿಟ್ಟದ್ದು ಡೆನ್ಮಾರ್ಕಿನ ವಿಲ್‌ಹೆಲ್ಮ್ ಯೋಹಾನ್‌ಸೆನ್, 1909ರಲ್ಲಿ. ಆತನ ಪ್ರಯೋಗಗಳೂ ಹುರುಳಿಕಾಯಿ ಬೀಜದ ಮೇಲೆ. ಒಂದೇ ಶುದ್ಧ ಸಂತತಿಯಲ್ಲಿ ದಪ್ಪ ಬೀಜ ಆರಿಸಿ ಬಿತ್ತಿದರೂ ಮುಂದಿನ ಬೆಳೆ ದಪ್ಪವಾಗಲಿಲ್ಲ, ಏಕೆಂದರೆ ಆ ದಪ್ಪ ಮಣ್ಣಿನದು, ನೀರಿನದು, ವಂಶದ್ದಲ್ಲ.

ಇದನ್ನು ಕಟ್ಟಡಕ್ಕೆ ಹಚ್ಚಿದವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಬಿಲ್ ಹಿಲಿಯರ್, ಜೂಲಿಯನ್ ಹ್ಯಾನ್ಸನ್ 1984ರಲ್ಲಿ ವಿವರವಾಗಿ ಮಂಡಿಸಿದ ವಿಧಾನದಲ್ಲಿ ಮನೆಯ ಆಕಾರ, ಅಳತೆ, ಅಲಂಕಾರ ಎಲ್ಲ ಬದಿಗೆ. ಯಾವ ಜಾಗದಿಂದ ಯಾವ ಜಾಗಕ್ಕೆ ಬಾಗಿಲಿದೆ ಎಂಬುದಷ್ಟೇ ಲೆಕ್ಕ. ಒಂದು ಜಾಗದಿಂದ ಉಳಿದ ಪ್ರತಿಯೊಂದಕ್ಕೂ ಎಷ್ಟು ಹೆಜ್ಜೆ, ಅಂದರೆ ಎಷ್ಟು ಬಾಗಿಲು, ಎಂದು ಎಣಿಸಿ ಸರಾಸರಿ ತೆಗೆಯಬೇಕು. ಸರಾಸರಿ ಕಡಿಮೆ ಇದ್ದಷ್ಟೂ ಆ ಜಾಗ ಮನೆಗೆ ಹತ್ತಿರ, ಹೆಚ್ಚಿದ್ದಷ್ಟೂ ದೂರ. ಹತ್ತಾರು ಮನೆಗಳಲ್ಲಿ ಈ ಹತ್ತಿರ ದೂರದ ಸರದಿ ಒಂದೇ ಆಗಿ ಮರಳಿ ಬಂದರೆ, ಅದು ಆ ಮನೆಗಳ ಜೀನೋಟೈಪ್.

ನಾವು ಐನ್‌ಮನೆಯನ್ನೂ ಅದೇ ಒಕ್ಕದ ಬೇರೆ ಬೇರೆ ಕವಲಿನವರು ಆಮೇಲೆ ಕಟ್ಟಿಕೊಂಡ ಆರು ಮನೆಗಳನ್ನೂ ಅಳೆದೆವು. ಐನ್‌ಮನೆಯ ಲೆಕ್ಕ ಕಾಗದದ ಮೇಲೆ ಹತ್ತು ನಿಮಿಷದ್ದು. ಅಂಗಳವನ್ನೂ ಸೇರಿಸಿ ಎಂಟು ಜಾಗ. ನಡುಬಾಡೆಯಿಂದ ಉಳಿದ ಏಳಕ್ಕೆ ಒಟ್ಟು 9 ಹೆಜ್ಜೆ, ಸರಾಸರಿ 1.29. ಅಡುಗೆಮನೆ 1.57. ಕೈಯಾಲೆ 1.86. ಕನ್ನಿ ಕೊಂಬರೆ 2.14. ಆರೂ ಮನೆಗಳಲ್ಲಿ ಅಂಕಿಗಳು ಬೇರೆ, ಸರದಿ ಮಾತ್ರ ಇದೇ: ಮೊದಲು ದೀಪದ ಕೋಣೆ, ಆಮೇಲೆ ಒಲೆ, ಆಮೇಲೆ ಜಗಲಿ, ಕೊನೆಗೆ ಕಾರಣವರು.

ಇದೇ ಎಣಿಕೆಯನ್ನು ಗುತ್ತಿಗೆದಾರನ ನಕ್ಷೆಗೆ ಹಚ್ಚಿದಾಗ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಅಲ್ಲಿ ಮೊದಲ ಸ್ಥಾನ ಡೈನಿಂಗ್ ಹಾಲಿಗೆ. ದೀಪ ತೂಗಬೇಕಾದ ಜಾಗ ಡೈನಿಂಗಿನ ಪಕ್ಕದ ಒಂದೇ ಬಾಗಿಲಿನ ದೇವರಕೋಣೆಯಾಗಿ, ಮಲಗುವ ಕೋಣೆಗಳಿಗಿಂತಲೂ ಹಿಂದೆ ಬಿದ್ದಿತ್ತು. ಹೊರಗೆ ಕೆತ್ತನೆ ಕಂಬ, ಒಳಗೆ ಬೆಂಗಳೂರಿನ ಬಡಾವಣೆಯ ಮನೆ. ಇನ್ನೊಂದು ತುದಿಯಲ್ಲಿ, ಆರು ಮನೆಗಳಲ್ಲೇ ನೋಡಲು ಸಪ್ಪೆಯಾದದ್ದು ಒಂದಿತ್ತು: ಜಿಂಕ್ ಶೀಟ್ ಮಾಡು, ಸಿಮೆಂಟ್ ಇಟ್ಟಿಗೆ, ಒಂದು ಕೆತ್ತನೆಯೂ ಇಲ್ಲ. “ಅದನ್ನೇನು ಅಳೀತೀರಿ, ಅದು ಮನೆಯಾ?” ಎಂದು ಅವರವರೇ ಹೇಳುತ್ತಿದ್ದರು. ಸರದಿ ಅಲ್ಲೂ ಅಚ್ಚಳಿಯದೆ ಉಳಿದಿತ್ತು.

ಮಡಿಕೇರಿಯವರಿಗೆ ಇದು ಆಶ್ಚರ್ಯ ಆಗಬಾರದು. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ ದಿನಾ ಕಣ್ಣಿಗೆ ಬೀಳುತ್ತದೆ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ದೂರದಿಂದ ನೋಡಿದ ಹೊಸಬರು ದರ್ಗಾ ಎನ್ನುತ್ತಾರೆ. ಹತ್ತಿರ ಹೋದರೆ ಮುಂದೆ ಕಲ್ಯಾಣಿ, ಒಳಗೆ ಲಿಂಗ.

ಮಾಡಿನ ಇಳಿಜಾರನ್ನೂ ಈ ದಾರಿಯಲ್ಲೇ ಪಟ್ಟಿಯಿಂದ ಕೈಬಿಟ್ಟೆವು. ಎಲ್ಲ ಮನೆಗಳಲ್ಲೂ ಇದೆ ಎಂಬುದು ನಿಜ. ಆದರೆ ಮಲೆನಾಡಲ್ಲೂ ಇದೆ, ಕೇರಳದಲ್ಲೂ ಇದೆ, ಈ ಪಾಟಿ ಮಳೆ ಹೊಯ್ಯುವ ಕಡೆಯಲ್ಲೆಲ್ಲ ಇದೆ. ಬಾವಲಿಗೂ ಹಕ್ಕಿಗೂ ರೆಕ್ಕೆಯಿದೆ ಎಂದು ಅವು ದಾಯಾದಿಗಳಲ್ಲ. ಒಂದೇ ಕೆಲಸಕ್ಕೆ ಹುಟ್ಟಿಕೊಂಡ ಹೋಲಿಕೆ ಬೇರೆ, ಒಂದೇ ಮೂಲದಿಂದ ಇಳಿದು ಬಂದ ಹೋಲಿಕೆ ಬೇರೆ ಎಂದು 1843ರಲ್ಲೇ ಅಂಗರಚನಾ ತಜ್ಞ ರಿಚರ್ಡ್ ಓವನ್ ವಿಂಗಡಿಸಿದ್ದ. ಓವನ್‌ನ ಎರಡನೆಯ ಮಾತು, ರೂಪ ಮತ್ತು ಕೆಲಸ ಬದಲಾದರೂ ಅಂಗ ಅದೇ ಆಗಿರಬಹುದು ಎಂಬುದು, ನಮ್ಮ ನೆನಪಿಗೆ ಬರಬೇಕಾದಾಗ ಬರಲಿಲ್ಲ.

ಒಂದು ಅನುಮಾನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಲೆಕ್ಕದಲ್ಲಿ ಅಂಗಳದ ಸರಾಸರಿಯೂ 2.14, ಕನ್ನಿ ಕೊಂಬರೆಯದೂ 2.14. ಕಾರಣವರ ಕೋಣೆಯೂ ಕೋಳಿ ಕೆದಕುವ ಅಂಗಳವೂ ಒಂದೇ ಎನ್ನುವ ಲೆಕ್ಕವನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಅದಕ್ಕೆ ಪೂರ್ವ ಪಶ್ಚಿಮ ಗೊತ್ತಿಲ್ಲ, ದೀಪ ಗೊತ್ತಿಲ್ಲ. ಬಾಗಿಲು ಮಾತ್ರ ಗೊತ್ತು. ಬಾಗಿಲೇ ನಮ್ಮನ್ನು ಕೆಡವಿತು ಎಂಬುದು ತಮಾಷೆ.

ಗೂಡು

ನಡುಬಾಡೆಯ ಉತ್ತರದ ಗೋಡೆಯಲ್ಲಿ ಒಂದು ಗೂಡಿತ್ತು. ಗೋಡೆ ಬಿದ್ದಿದ್ದರೂ ಗೂಡಿನ ಕೆಳಭಾಗ ಉಳಿದಿತ್ತು. ಉಳಿದದ್ದನ್ನು ಹಳೆಯ ಮದುವೆ ಫೋಟೊಗಳಲ್ಲಿ ನೋಡಿದೆವು. ಆಳೆತ್ತರ, ಎರಡೂವರೆ ಅಡಿ ಅಗಲ, ಒಂದು ಗೇಣು ಆಳ. ದೀಪ ಇಡಲು ತೀರ ದೊಡ್ಡದು, ಸಾಮಾನು ಇಡಲು ತೀರ ತೆಳು. ಆರು ಕವಲು ಮನೆಗಳಲ್ಲಿ ನಾಲ್ಕರಲ್ಲಿ, ಅದೇ ಗೋಡೆಯಲ್ಲಿ, ಅದೇ ಗೂಡು. ಒಂದರಲ್ಲಿ ಕೋವಿ ನಿಲ್ಲಿಸಿದ್ದರು, ಒಂದರಲ್ಲಿ ಹಾಕಿ ಆಟದ ಕಪ್‌ಗಳು, ಒಂದರಲ್ಲಿ ಟಿವಿ, ಒಂದರಲ್ಲಿ ಹಿರಿಯರ ಫೋಟೊಗಳಿಗೆ ಹಾರ ಹಾಕಿ ಸೀರಿಯಲ್ ಲೈಟ್ ಬಿಟ್ಟಿದ್ದರು. ಯಾಕೆ ಮಾಡಿಸಿದಿರಿ ಎಂದರೆ ನಾಲ್ಕು ಮನೆಯಲ್ಲೂ ಒಂದೇ ಉತ್ತರ: “ಐನ್‌ಮನೆಯಲ್ಲಿ ಇದೆಯಲ್ಲ.”

ನಮ್ಮ ತರ್ಕ ಹೀಗೆ ಹೋಯಿತು. ವಂಶ ಪತ್ತೆ ಮಾಡಲು ಉಪಯೋಗದ ಅಂಗಕ್ಕಿಂತ ಉಪಯೋಗವಿಲ್ಲದ ಅಂಗವೇ ಒಳ್ಳೆಯ ಸಾಕ್ಷಿ. ಡಾರ್ವಿನ್ ಹೇಳಿದ್ದು ಅದನ್ನೇ. ತಿಮಿಂಗಿಲದ ಮೈಯೊಳಗೆ ಸೊಂಟದ ಮೂಳೆ ಉಳಿದಿರುವುದು ಅದರ ಪೂರ್ವಜರು ನಾಲ್ಕು ಕಾಲಲ್ಲಿ ನಡೆಯುತ್ತಿದ್ದುದರಿಂದ. ಹಾಗಾದರೆ ಕೆಲಸವಿಲ್ಲದೆಯೂ ಮನೆಯಿಂದ ಮನೆಗೆ ಬಂದಿರುವ ಈ ಗೂಡು ಬಹಳ ಹಳೆಯದು, ಐನ್‌ಮನೆಯ ಮೂಲದಲ್ಲೇ ಇದ್ದದ್ದು. ಏಳರಲ್ಲಿ ಐದು ಮನೆಯಲ್ಲಿದೆ, ಎರಡರಲ್ಲಿ ಕಳೆದುಹೋಗಿದೆ. ನಮ್ಮ ಕಚೇರಿಯ ಹುಡುಗಿ ಒಬ್ಬಳು ಮಾತ್ರ, “ಸಾರ್, ಬೇರೆ ಒಕ್ಕದ ಮನೆ ಒಂದೂ ನೋಡಿಲ್ಲ ನಾವು” ಎಂದಳು. ಮಳೆಗಾಲ ಹತ್ತಿರ ಬರುತ್ತಿತ್ತು. ಆಮೇಲೆ ನೋಡೋಣ ಎಂದೆ.

ಹೊಸ ನಕ್ಷೆಯಲ್ಲಿ ಗೂಡು ದೊಡ್ಡದಾಯಿತು. ಒಳಗೆ ಕಲ್ಲಿನ ಹಲಗೆ, ಮೇಲಿಂದ ಬೆಳಕು, ಒಕ್ಕದ ವಂಶವೃಕ್ಷ ಕೆತ್ತಿಸುವ ಯೋಚನೆ. ಚಿತ್ರ ಚೆನ್ನಾಗಿಯೇ ಬಂದಿತ್ತು, ಈಗಲೂ ಹೇಳುತ್ತೇನೆ.

ಸಭೆ

ಪಟ್ಟೆದಾರರ, ಅಂದರೆ ಒಕ್ಕದ ಯಜಮಾನರ, ತೋಟದ ಮನೆಯ ಅಂಗಳದಲ್ಲಿ ಶಾಮಿಯಾನ. ಎಪ್ಪತ್ತು ಎಂಬತ್ತು ಜನ. ಸರದಿಯ ಅಂಕಿಗಳನ್ನು ತೋರಿಸಿದಾಗ ತಲೆಯಾಡಿಸಿದರು. ಜಿಂಕ್ ಶೀಟಿನ ಮನೆಯವರು ಎದೆಯುಬ್ಬಿಸಿ ಕೂತರು. ಆರ್‌ಸಿಸಿ ಗುಂಪಿನ ಮುಖಂಡರೇ, “ದೀಪ ಮೂಲೆಗೆ ಹೋಗಬಾರದು, ಅಷ್ಟಂತೂ ಸರಿ” ಎಂದರು. ಅರ್ಧ ಕೆಲಸ ಆಗಿಹೋಯಿತು ಎಂದು ನನಗೆ ಅನ್ನಿಸಿತು. ಗೂಡಿನ ಚಿತ್ರ ತೆರೆದೆ.

ಮುಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ, ಒಕ್ಕಕ್ಕೆ ಸೊಸೆಯಾಗಿ ಬಂದವರಲ್ಲಿ ಎಲ್ಲರಿಗಿಂತ ಹಿರಿಯರು. ಚಿತ್ರ ನೋಡಿ ಮೊದಲು ಪಕ್ಕದವರಿಗೆ ಕೊಡವ ತಕ್ಕ್‌ನಲ್ಲಿ ಏನೋ ಹೇಳಿ ನಕ್ಕರು. ಆಮೇಲೆ ನನಗೆ ಕನ್ನಡದಲ್ಲಿ:

“ಅಯ್ಯೋ ಮಗ, ಅದು ಬಾಗಿಲು.”

“ಎಂಥ ಬಾಗಿಲು ಅಜ್ಜಿ?”

“ಆಚೆ ಒಲೆಗೆ ಹೋಗುವ ಬಾಗಿಲು. ನನ್ನ ಮಾವನಿಗೂ ಅವರ ತಮ್ಮನಿಗೂ ಮಾತು ಬಿಟ್ಟ ಮೇಲೆ ತಮ್ಮನ ಮನೆಯವರು ಬಡಗ ಕಡೆ ಬೇರೆ ಒಲೆ ಹೂಡಿದ್ದು. ಅದೂ ಸರಿಹೋಗದೆ ಮಾವ ಒಂದು ದಿನ ಮಣ್ಣು ಕಲಸಿ ಮುಚ್ಚಿಯೇಬಿಟ್ಟರಂತೆ. ನಾನು ಬರುವಾಗ ಮುಚ್ಚಿತ್ತು. ನಮ್ಮ ಅತ್ತೆ ಅದರ ಕಡೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.”

ಸಭೆ ಒಂದು ಗಳಿಗೆ ಸುಮ್ಮನಾಯಿತು. ಆ ತಮ್ಮನ ಕವಲಿನವರೂ ಅಲ್ಲೇ ಕೂತಿದ್ದರು. ಹೊಸ ಮನೆಗೆ ಹೆಚ್ಚಿನ ಹಣ ಕೊಡುತ್ತೇವೆಂದು ಮುಂದೆ ಬಂದವರಲ್ಲಿ ಅವರೂ ಇದ್ದರು. ಹಿಂದಿನಿಂದ ಒಬ್ಬರು ಎದ್ದು ನಿಂತರು: “ನಮ್ಮನ್ನು ಹೊರಗೆ ಹಾಕಿದ ಗೋಡೆಗೆ ಕಲ್ಲು ಹೊದಿಸಿ, ಲೈಟ್ ಹಾಕಿ, ನಾವೇ ದುಡ್ಡು ಕೊಡಬೇಕಾ?”

ಅಂದಿನ ಸಭೆ ಊಟದೊಂದಿಗೆ ಮುಗಿಯಿತು, ತೀರ್ಮಾನದೊಂದಿಗಲ್ಲ. ಊಟ ಚೆನ್ನಾಗಿತ್ತು, ನನಗೆ ಇಳಿಯಲಿಲ್ಲ. ಎರಡು ತಿಂಗಳು ಯಾರ ಫೋನೂ ಬರಲಿಲ್ಲ.

ಎಲ್ಲಿ ತಪ್ಪಿದೆವು

ಆ ಎರಡು ತಿಂಗಳಲ್ಲಿ ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಉಳಿದ ಗೋಡೆಯ ಗಾರೆ ಕೆರೆದಾಗ ಗೂಡಿನ ಬೆನ್ನಿನ ಮಣ್ಣು ಬೇರೆ ಬಣ್ಣದ್ದು, ಅವಸರದಲ್ಲಿ ಮುದ್ದೆ ಮುದ್ದೆಯಾಗಿ ತುಂಬಿದ್ದು ಕಂಡಿತು. ಕೆಂಪು ನೆಲದ ಅಡಿಯಲ್ಲಿ ಹೊಸ್ತಿಲ ಕಲ್ಲು, ಕಾಲು ತಾಗಿ ನಡು ಸವೆದದ್ದು. ಅಕ್ಕಪಕ್ಕದ ಮೂರು ಬೇರೆ ಒಕ್ಕಗಳ ಮನೆ ನೋಡಿದೆವು. ಒಂದರಲ್ಲೂ ಅಂಥ ಗೂಡಿಲ್ಲ.

ನಿವೃತ್ತ ತಳಿತಜ್ಞರು ನಮ್ಮ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆ ಪೇಪರ್ ತಿದ್ದುವಂತೆ ತಿದ್ದಿದರು. “ವಂಶ ಅಂದದ್ದು ಸರಿ. ಈ ನಾಲ್ಕು ಮನೆ ಐನ್‌ಮನೆಯ ಮಕ್ಕಳು ಅಂತ ಗೂಡು ಸಾಕ್ಷಿ ಹೇಳ್ತದೆ. ಹಳೇದು ಅಂದದ್ದು ತಪ್ಪು. ಹೆಚ್ಚು ಜನರಲ್ಲಿ ಇದ್ದ ಮಾತ್ರಕ್ಕೆ ಹಳೇದಾಗಲ್ಲ. ಯಾವುದು ಮೊದಲು ಯಾವುದು ಆಮೇಲೆ ಅಂತ ತಿಳಿಯಬೇಕಾದರೆ ಗುಂಪಿನ ಹೊರಗಿನ ಒಂದನ್ನು ಪಕ್ಕಕ್ಕಿಟ್ಟು ನೋಡಬೇಕು.” ನಮ್ಮ ಹುಡುಗಿ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡತನ.

ಇನ್ನೊಂದು ತಪ್ಪು ಇದಕ್ಕಿಂತ ನಾಚಿಕೆಯದು. ಗೂಡು “ಕಳೆದುಹೋದ” ಎರಡು ಮನೆಗಳಲ್ಲಿ ಒಂದು ಜಗಳಕ್ಕೆ ಮುಂಚೆಯೇ ಕಟ್ಟಿದ್ದು, ಇನ್ನೊಂದು ಆ ತಮ್ಮನ ಕವಲಿನದು. ಎರಡರಲ್ಲೂ ನಡುಬಾಡೆಯ ಉತ್ತರದ ಗೋಡೆಯಲ್ಲಿ ಬಾಗಿಲಿದೆ. ನಾವೇ ಅಳೆದು, ನಾವೇ ಬರೆದಿದ್ದೆವು, ಪಟ್ಟಿಯ ಬೇರೆ ಅಂಕಣದಲ್ಲಿ: ಗೂಡು ಇಲ್ಲ, ಉತ್ತರ ಬಾಗಿಲು ಇದೆ. ಒಂದೇ ಜಾಗದ ಒಂದೇ ಅಂಗ ಎರಡು ರೂಪದಲ್ಲಿ ಕಣ್ಣೆದುರಿಗಿತ್ತು. ಹೊರಗೆ ಹೋದವರು ಬಾಗಿಲನ್ನು ಬಾಗಿಲಾಗಿಯೇ ಕೊಂಡೊಯ್ದಿದ್ದರು. ಒಳಗೆ ಉಳಿದವರ ಕವಲುಗಳು ಮುಚ್ಚಿದ್ದನ್ನು ಕೊಂಡೊಯ್ದಿದ್ದವು. ತಮ್ಮನ ಮನೆಯಲ್ಲಿ ಆ ಬಾಗಿಲು ತೆರೆಯುವುದು ಒಂದು ಹಲಸಿನ ಮರದ ಬುಡಕ್ಕೆ. ಅಲ್ಲಿ ಒಲೆಯಿಲ್ಲ, ಏನೂ ಇಲ್ಲ. ಅವರಿಗೂ ಯಾಕೆಂದು ಗೊತ್ತಿರಲಿಲ್ಲ.

ಈಗ ತಳಿಶಾಸ್ತ್ರದ ಹೋಲಿಕೆ ಎಲ್ಲಿ ಕೈಕೊಡುತ್ತದೆ ನೋಡಿ. 1880ರ ದಶಕದಲ್ಲಿ ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ ತಲೆಮಾರಿನಿಂದ ತಲೆಮಾರಿಗೆ ಇಲಿಗಳ ಬಾಲ ಕತ್ತರಿಸುತ್ತ ಹೋದ. ಮರಿಗಳು ಪ್ರತಿಸಲವೂ ಪೂರ್ತಿ ಬಾಲದೊಂದಿಗೇ ಹುಟ್ಟಿದವು. ಮೈಗಾದ ಗಾಯ ಸಂತಾನಕ್ಕೆ ಹೋಗುವುದಿಲ್ಲ. ಮನೆಗಾದ ಗಾಯ ಹೋಗುತ್ತದೆ. ಏಕೆಂದರೆ ಮನೆ ಮರಿ ಹಾಕುವುದಿಲ್ಲ. ಒಬ್ಬ ಆಚಾರಿ ಬಂದು, ಕೋಲು ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಅಳೆದುಕೊಂಡು ಹೋಗುತ್ತಾನೆ. ಹೊರಗಿನಿಂದ ಬಂದ ಆಚಾರಿಗೆ ಇದು ಗಾಯ, ಇದು ಮೂಗು ಎಂದು ಗೊತ್ತಾಗುವುದು ಹೇಗೆ? ಹಿಲಿಯರ್ ಮತ್ತು ಹ್ಯಾನ್ಸನ್ ಇದನ್ನು ಎಚ್ಚರಿಸಿಯೇ ಇದ್ದರು. ಜೀವಿಯಲ್ಲಿ ಬರಹ ಒಳಗೆ ಅಡಗಿರುತ್ತದೆ, ಸಮಾಜದಲ್ಲಿ ಅದು ತಲೆಕೆಳಗು, ಕಣ್ಣೆದುರಿನ ಜೋಡಣೆಯಿಂದಲೇ ಜನ ಅದನ್ನು ಓದಿಕೊಳ್ಳುತ್ತಾರೆ ಎಂದು. ಆ ಭಾಗವನ್ನು ನಾನು ಅವಸರದಲ್ಲಿ ದಾಟಿದ್ದೆ. ಲೆಕ್ಕದ ಭಾಗ ಮಾತ್ರ ಗೆರೆ ಎಳೆದು ಓದಿದ್ದೆ.

ಸಾಲ ಇನ್ನೊಂದು ದಿಕ್ಕಿನಲ್ಲೂ ಹರಿದದ್ದುಂಟು. 1979ರಲ್ಲಿ ಸ್ಟೀಫನ್ ಜೇ ಗೌಲ್ಡ್ ಮತ್ತು ರಿಚರ್ಡ್ ಲೆವಾಂಟಿನ್ ತಮ್ಮ ಲೇಖನವೊಂದರಲ್ಲಿ ಜೀವವಿಜ್ಞಾನಿಗಳನ್ನು ವೆನಿಸ್ಸಿನ ಸೇಂಟ್ ಮಾರ್ಕ್ ಇಗರ್ಜಿಗೆ ಕರೆದೊಯ್ದರು. ಕಮಾನುಗಳ ಮೇಲೆ ಗುಮ್ಮಟ ಕೂರಿಸಿದಾಗ ನಡುವೆ ತಾನಾಗಿ ಉಳಿಯುವ ಮುಮ್ಮೂಲೆ ಜಾಗಗಳನ್ನು ತೋರಿಸಿ, ಅಲ್ಲಿ ಸೊಗಸಾದ ಚಿತ್ರವಿದೆ ಎಂದು ಚಿತ್ರಕ್ಕಾಗಿಯೇ ಆ ಜಾಗ ಬಿಟ್ಟರು ಅನ್ನಬೇಡಿ ಎಂದರು. ನಮ್ಮ ನಾಲ್ಕು ಗೂಡುಗಳ ಕೋವಿ, ಕಪ್, ಟಿವಿ, ಹಾರ ಹಾಕಿದ ಫೋಟೊ ಅಂಥವೇ. ಅದರೊಳಗೆ ಕಲ್ಲು ಮತ್ತು ಬೆಳಕು ತುಂಬಲು ಹೊರಟ ಐದನೆಯವನು ನಾನು.

ಏನು ಕಟ್ಟಿದ್ದು

ಎರಡು ತಿಂಗಳ ನಂತರ ಕರೆ ಬಂದದ್ದು ತಮ್ಮನ ಕವಲಿನವರಿಂದಲೇ. ಪಟ್ಟೆದಾರರು ಅವರ ಮನೆಗೆ ಹೋಗಿ ಆ ಹಲಸಿನ ಬುಡದ ಬಾಗಿಲು ನೋಡಿ ಬಂದಿದ್ದರಂತೆ. ಏನು ಮಾತಾಯಿತೋ ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ.

ಹಳೆಯ ಕಲ್ಲಿನ ತಳಪಾಯ, ಉಳಿದ ಮರವೆಲ್ಲ ಮರುಬಳಕೆ, ಗೋಡೆಗೆ ಅಲ್ಲಿನದೇ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಇಟ್ಟಿಗೆ. ಮಾಡಿಗೆ ಹಂಚೇ ಇರಲಿ ಎಂದರು. ಸಂಪ್ರದಾಯ ಎಂದಲ್ಲ, ಬಿದ್ದ ಹಂಚುಗಳಲ್ಲಿ ಅರ್ಧ ಚೆನ್ನಾಗಿದ್ದವು ಎಂದು. ಓಣಿಯನ್ನು ಅಗಲ ಮಾಡಿ ಕಾರು ಕಳಕ್ಕೇ ಬರುವಂತೆ ಮಾಡಬೇಕೆಂಬ ಒತ್ತಾಯ ಬಂತು, ತಿರುವಿನ ಆಚೆಯೇ ನಿಲ್ಲಿಸುವುದೆಂದು ಮುಗಿಯಿತು.

ಶೌಚಾಲಯದ ಪ್ರಶ್ನೆಯಲ್ಲಿ ಅಂಕಿಗಳು ನಿಜಕ್ಕೂ ಕೆಲಸಕ್ಕೆ ಬಂದವು. ಮೊದಲ ನಕ್ಷೆಯಲ್ಲಿ ಅಡುಗೆಮನೆಯಿಂದ ಒಂದು ಮುಚ್ಚಿದ ಹಾದಿ, ಅದರ ತುದಿಗೆ ಎರಡು ಬಚ್ಚಲು ಹಾಕಿದ್ದೆವು. ಹಿಂದಕ್ಕೆ ಇರಲಿ ಎಂಬ ಮರ್ಯಾದೆಯ ಯೋಚನೆ. ಎಣಿಸಿದರೆ ನಡುಬಾಡೆ 1.7, ಅಡುಗೆಮನೆ 1.6. ಒಂದು ಬಚ್ಚಲು ಹಾದಿ ದೀಪವನ್ನು ಮೊದಲ ಸ್ಥಾನದಿಂದ ಇಳಿಸಿತ್ತು. ಬಚ್ಚಲುಗಳನ್ನು ತೆಗೆದು ಪಕ್ಕದ 2 ಕೋಣೆಗಳಿಗೆ ಒಂದೊಂದಾಗಿ ಸೇರಿಸಿದಾಗ ನಡುಬಾಡೆ 1.44, ಅಡುಗೆಮನೆ 1.89, ಕೈಯಾಲೆ 2.11, ಕನ್ನಿ ಕೊಂಬರೆ 2.33. ಸರದಿ ಮರಳಿತು. ಮನೆಯೊಳಗೇ ಶೌಚಾಲಯ ಎಂದು ಹಿರಿಯರು ಮುಖ ಸಿಂಡರಿಸಿದರು, ಮಂಡಿನೋವಿನ ಹಿರಿಯರು ಅವರನ್ನು ಸುಮ್ಮನಾಗಿಸಿದರು. ಆ ಭಾಗಕ್ಕೆ ಬೇರೆಯದೇ ತಗ್ಗಿನ ಮಾಡು ಹಾಕಿದೆವು.

ಉಳಿದದ್ದು ಉತ್ತರದ ಗೋಡೆ. ತಳಿತಜ್ಞರು ಬಾಗಿಲು ತೆರೆಯಬೇಕು ಎಂದರು, ನಾನೂ ಅದನ್ನೇ ಹೇಳಿದೆ. ಅಂಗಳಕ್ಕೆ ನೇರ ಬಾಗಿಲು ಬಂದರೆ ನಡುಬಾಡೆ ಇನ್ನಷ್ಟು ಹತ್ತಿರವಾಗುತ್ತದೆಯೇ ಹೊರತು ಸರದಿಗೆ ಧಕ್ಕೆಯಿಲ್ಲ. ತಮ್ಮನ ಕವಲಿನವರು ಬೇಡ ಎಂದರು. ತೆರೆದರೆ ಬಂದವರೆಲ್ಲ ಯಾಕೆ ತೆರೆದಿರಿ ಎಂದು ಕೇಳುತ್ತಾರೆ, ಮಕ್ಕಳಿಗೆ ಆ ಕತೆ ಹೇಳುತ್ತಲೇ ಇರಬೇಕು. ಗೂಡೂ ಬೇಡ, ಬಾಗಿಲೂ ಬೇಡ, ನೇರ ಗೋಡೆ ಇರಲಿ. ಅಜ್ಜಿಯನ್ನು ಕೇಳಿದರೆ, “ನಿಮಗೆ ಬಿಟ್ಟದ್ದು ಮಗ, ನಾನೆಷ್ಟು ದಿನ ನೋಡುತ್ತೇನೆ” ಎಂದರು. ನೇರ ಗೋಡೆ ಎಂದು ಬರೆದು ಎಲ್ಲರೂ ಸಹಿ ಹಾಕಿದರು. ನನಗೆ ಇಂದಿಗೂ ಅದು ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಆ ಗೋಡೆಯ ಹಿಂದೆ ಇದ್ದವರು ನನ್ನ ತಾತಂದಿರಲ್ಲ.

ಗೋಡೆ ಎದೆಮಟ್ಟ ಬಂದಾಗ ನಾನು ಒಂದು ವಾರ ಬೇರೆ ಕೆಲಸದಲ್ಲಿದ್ದೆ. ತಿರುಗಿ ಹೋದರೆ ಉತ್ತರದ ಗೋಡೆಯಲ್ಲಿ ಎರಡೂವರೆ ಅಡಿ ಅಗಲ, ಒಂದು ಗೇಣು ಆಳದ ಖಾಲಿ ಜಾಗ, ಅಂಚು ತೂಗುಗುಂಡು ಹಿಡಿದ ಹಾಗೆ ನೇರ. ನಕ್ಷೆಯಲ್ಲಿ ಇಲ್ಲವಲ್ಲ ಎಂದೆ. ಮೇಸ್ತ್ರಿ ಹಳೆಯ ಗೋಡೆಯ ಮೋಟು ತೋರಿಸಿದ: “ಹಳೇದ್ರಲ್ಲಿ ಇತ್ತಲ್ಲ ಸಾರ್. ನೀವು ಬರೆಯೋದು ಮರೆತಿದ್ದೀರಿ ಅಂತ ನಾನೇ ಬಿಟ್ಟೆ.”

ಪಟ್ಟೆದಾರರಿಗೆ ಫೋನ್ ಮಾಡಿ ಮುಚ್ಚಿಸಲಾ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಮಳೆ ಬರೋದರೊಳಗೆ ಮಾಡು ಮುಗೀಲಿ” ಎಂದರು. “ಅದನ್ನು ಆಮೇಲೆ ನೋಡೋಣ.”

ಮಾಡು ಮುಗಿದಿದೆ. ಉತ್ತರದ ಗೋಡೆಗೆ ಇನ್ನೂ ಗಾರೆಯಾಗಿಲ್ಲ. ನಾನು ಕೊನೆಯ ಸಲ ಹೋದಾಗ ಆ ಗೂಡಿನಲ್ಲಿ ಮೇಸ್ತ್ರಿಯ ಊಟದ ಡಬ್ಬಿ ಇತ್ತು.